ಎಫ್ ಮುಂದೆ ಮೂರು ಪ್ಲಸ್

ಆ ದಿನ ಮಳೆ ಹನಿಯುತ್ತಿತ್ತೋ ಇಲ್ಲವೋ, ಖಚಿತವಿಲ್ಲ. ವೈಪರ್ ಆಡುತ್ತಿದ್ದದ್ದು ನೆನಪಿದೆ. ಆದರೆ ಗಾಬರಿಯಲ್ಲಿ ನಾನೇ ಸ್ಟೀರಿಂಗ್ ಪಕ್ಕದ ಯಾವುದೋ ಕಡ್ಡಿ ಎಳೆದು ಅದನ್ನು ಹಾಕಿರಲೂಬಹುದು. ಬೆಳಿಗ್ಗೆ ಹತ್ತು ಗಂಟೆ ಎಂದು ಹೇಳುತ್ತ ಬಂದಿದ್ದೇನೆ; ಅದಕ್ಕೂ ಪುರಾವೆಯಿಲ್ಲ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತೆ. ಆ ಪಾಠವನ್ನು ಬೇರೆಯವರ ಮಾತಿಗೆ ಹಚ್ಚಿದಷ್ಟು ನನ್ನ ನೆನಪಿಗೆ ಹಚ್ಚಲಿಲ್ಲ.

ಆಗ ಇಂಟರ್‌ನೆಟ್ ಎಂದರೆ ಮಾಡೆಮ್ಮಿನ ಕೀರಲು ಸದ್ದು, ಆಮೇಲೆ ಬರೀ ಅಕ್ಷರ. ಈಮೇಲಿನ ಕೊನೆಯಲ್ಲಿ ತಮ್ಮ ಬಗ್ಗೆ ಒಂದು ಸಾಲಿನ ಸಂಕೇತ ಹಾಕಿಕೊಳ್ಳುವ ಹುಚ್ಚು ಕಂಪ್ಯೂಟರಿನವರಲ್ಲಿ ಹಬ್ಬಿತ್ತು. ಒಂದೊಂದು ಗುಣಕ್ಕೆ ಒಂದೊಂದು ಅಕ್ಷರ. ಬಂದಷ್ಟು ಪ್ಲಸ್, ಬಾರದಿದ್ದರೆ ಮೈನಸ್. ಸಾಂಟಾ ಕ್ಲಾರಾ ಸುತ್ತಮುತ್ತಲಿನ ಕನ್ನಡಿಗರ ನಮ್ಮ ಮೇಲ್ ಗುಂಪು ತನ್ನದೇ ಪಟ್ಟಿ ಮಾಡಿಕೊಂಡಿತು. ಸಿ ಎಂದರೆ ಕಾಫಿ, ಎಸ್ ಎಂದರೆ ಸಾರು ಮಾಡುವ ಕೈ, ಎಫ್ ಎಂದರೆ ಫ್ರೀವೇ, ಅಂದರೆ ಸಿಗ್ನಲ್ಲುಗಳಿಲ್ಲದ ಹೆದ್ದಾರಿಯಲ್ಲಿ ಕಾರು ಓಡಿಸುವ ಧೈರ್ಯ. ಎಫ್ ಮುಂದೆ ಎರಡು ಮೈನಸ್ ಇದ್ದರೆ ಊರೊಳಗಿನ ಎಲ್ ಕಮೀನೋ ರಸ್ತೆ ಬಿಟ್ಟು ಕದಲದವನು. ಮೂರು ಪ್ಲಸ್ ಇದ್ದರೆ ಒಂದು ಕೈಯಲ್ಲಿ ದೋಸೆ ತಿನ್ನುತ್ತ ಲೇನ್ ಬದಲಿಸುವವನು.

ನಾನು ಮೂರು ಪ್ಲಸ್ ಹಾಕಿಕೊಂಡೆ. ಲೈಸೆನ್ಸ್ ಬಂದು ತಿಂಗಳಾಗಿರಲಿಲ್ಲ. ಫ್ರೀವೇ ಹತ್ತಿದ್ದು ಒಂದೇ ಸಲ, ಒಂದು ಭಾನುವಾರ, ಕಲಿಸುವವನು ಪಕ್ಕದಲ್ಲಿದ್ದಾಗ. ಮುಂದಿನ ಎಕ್ಸಿಟ್ಟಿಗೇ ಇಳಿದುಬಿಟ್ಟಿದ್ದೆ. ತಮಾಷೆಯ ಸಾಲು, ಇದರಲ್ಲಿ ಯಾರು ತಾನೇ ನಿಜ ಬರೆಯುತ್ತಾರೆ ಅಂದುಕೊಂಡೆ.

ಗುಂಪನ್ನು ನೋಡಿಕೊಳ್ಳುತ್ತಿದ್ದ ಗೆಳೆಯ ಮಾತ್ರ ಎಲ್ಲವನ್ನೂ ನಂಬಿದ್ದ. ಹೆಂಡತಿಗೆ ದಿನ ತುಂಬುತ್ತ ಬಂದಿದ್ದಾಗ ಆಫೀಸಿನವರು ಅವನನ್ನು ಎರಡು ದಿನಕ್ಕೆ ಬಾಸ್ಟನ್ನಿಗೆ ಕಳಿಸಿದರು. ಹೊರಡುವ ಮೊದಲು ಅವನು ಎಲ್ಲರ ಸಂಕೇತಗಳನ್ನೂ ಪ್ರಿಂಟ್ ತೆಗೆದು, ಎಫ್‌ಗೆ ಮೂರು ಪ್ಲಸ್ ಇದ್ದವರ ಕೆಳಗೆ ಗೆರೆ ಎಳೆದು, ಫ್ರಿಜ್ಜಿಗೆ ಅಂಟಿಸಿದ. ನೋವು ಬಂದರೆ ಇವರಿಗೆ ಫೋನ್ ಮಾಡು ಎಂದು. ಅಂಥವರು ಮೂವರಿದ್ದೆವು. ಉಳಿದಿಬ್ಬರು ಅವತ್ತು ಸಿಗಲಿಲ್ಲ.

ಫೋನಿನಲ್ಲಿ ಗೆಳೆಯನ ಹೆಂಡತಿ, ಡಾಕ್ಟರು ಹೊರಟು ಬನ್ನಿ ಅಂದಿದ್ದಾರೆ, ಟ್ಯಾಕ್ಸಿಯವನು ಮುಕ್ಕಾಲು ಗಂಟೆ ಅನ್ನುತ್ತಾನೆ ಎಂದರು. ಬಂದೆ ಎಂದೆ. ಕಾರಿನ ಹಿಂದಿನ ಸೀಟಿನಲ್ಲಿ ಆಕೆ, ಪಕ್ಕದಲ್ಲಿ ಮಂಡ್ಯದಿಂದ ಬಾಣಂತನಕ್ಕೆ ಬಂದಿದ್ದ ಅವರ ತಾಯಿ. ಮಗಳ ಕೈಯಲ್ಲಿ ಗಂಡ ಬರೆದಿಟ್ಟಿದ್ದ ದಾರಿಯ ಚೀಟಿ. ಸ್ಯಾನ್ ಹೊಸೆಯ ಆಸ್ಪತ್ರೆಗೆ ಅದರಲ್ಲಿದ್ದದ್ದು ಫ್ರೀವೇ ದಾರಿಯೊಂದೇ. ನನಗೆ ಬೇರೆ ದಾರಿ ಗೊತ್ತಿರಲಿಲ್ಲ.

ತಾಯಿ ಸ್ಟೀರಿಂಗ್ ಮೇಲಿನ ನನ್ನ ಕೈ ನೋಡಿದರು. "ಯಾಕಪ್ಪಾ, ಕೈ ಹಿಂಗ್ ನಡುಗ್ತವೆ?"

ಚಳಿ ಎಂದೆ.

ಫ್ರೀವೇಗೆ ಹತ್ತುವ ಏರುದಾರಿ ಬಳಸಿ ಬಂದಾಗ ಎಡಗಡೆ ಟ್ರಕ್ಕುಗಳ ಸಾಲು ಗೋಡೆಯಂತೆ ಓಡುತ್ತಿತ್ತು. ನನ್ನ ಲೇನು ಮುಂದೆ ಕಿರಿದಾಗುತ್ತ ಮುಗಿಯುವುದು ಕಾಣುತ್ತಿತ್ತು. ವೇಗ ಹೆಚ್ಚಿಸಬೇಕೆಂದು ತಲೆಗೆ ಗೊತ್ತು, ಕಾಲು ಒತ್ತುತ್ತಿಲ್ಲ. ಹಿಂದಿನಿಂದ ಒಂದು ಹಾರ್ನು, ಇನ್ನೊಂದು. ತಿರುಗಿ ನೋಡಬೇಕು, ಕತ್ತು ಮರಗಟ್ಟಿತ್ತು. ಮೂವರನ್ನು, ಅಲ್ಲ ನಾಲ್ವರನ್ನು, ನಾನು ಈಗ ಕೊಲ್ಲುತ್ತೇನೆ ಅನ್ನಿಸಿತು. ಆ ಲೆಕ್ಕ ಸರಿಪಡಿಸಿಕೊಂಡದ್ದು ಮಾತ್ರ ಸ್ಪಷ್ಟವಾಗಿ ನೆನಪಿದೆ.

ನೋವಿಗೆ ಉಸಿರು ಬಿಗಿಹಿಡಿದಿದ್ದ ಆಕೆ ಸೀಟು ಹಿಡಿದುಕೊಂಡು ಹಿಂದಕ್ಕೆ ತಿರುಗಿದರು.

"ಬೇಡ... ಬೇಡ... ಈ ಟ್ರಕ್ಕು ಹೋಗ್ಲಿ. ಹ್ಞಾಂ, ಈಗ ಒತ್ತಿ. ಪೂರ್ತಿ ಒತ್ತಿ."

ಒತ್ತಿದೆ. ಒಳಗೆ ಸೇರಿಕೊಂಡೆವು. ಆಸ್ಪತ್ರೆಯ ಎಕ್ಸಿಟ್ ಬರುವವರೆಗೂ ಆಕೆಯೇ ಹಿಂದೆ ನೋಡುತ್ತಿದ್ದರು. ನೋವು ಬಂದಾಗ ಮಾತು ನಿಲ್ಲುತ್ತಿತ್ತು, ಅಷ್ಟು ಹೊತ್ತು ನಾನು ಕುರುಡನಂತೆ ಓಡಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದರು.

ಈ ಕಥೆಯನ್ನು ಎಷ್ಟು ಊಟದ ಮನೆಗಳಲ್ಲಿ ಹೇಳಿದ್ದೇನೋ. ಪ್ರತಿ ಸಲವೂ ಅದರಲ್ಲೊಂದು ಮಾತಿರುತ್ತಿತ್ತು: ಕಾರು ಹತ್ತುವ ಮೊದಲೇ ನಾನು, ನೋಡಿ, ನನಗೆ ಫ್ರೀವೇ ಅಭ್ಯಾಸವಿಲ್ಲ, ಆ ಪ್ಲಸ್ಸುಗಳು ಸುಳ್ಳು ಎಂದು ಹೇಳಿದೆ, ಆಕೆ, ಪರವಾಗಿಲ್ಲ ಹೋಗೋಣ ಎಂದರು. ಅವರ ಮನೆಯ ಮುಂದಿನ ಮೆಟ್ಟಿಲು, ನನ್ನ ಧ್ವನಿ, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು.

ಕಳೆದ ಚಳಿಗಾಲ ಲಾಸ್ ಆಲ್ಟೋಸ್‌ನಲ್ಲಿ ಒಬ್ಬರ ಮನೆಯಲ್ಲಿ ಮತ್ತೆ ಹೇಳಿದೆ. ಮೇಜಿನ ಆ ತುದಿಯಲ್ಲಿ ಆಕೆಯೂ ಇದ್ದರು.

"ಮೊದ್ಲೆಲ್ಲಿ ಹೇಳಿದ್ರಿ ನೀವು?" ಎಂದರು, ಮಜ್ಜಿಗೆ ಬಡಿಸಿಕೊಳ್ಳುತ್ತ. "ಆಸ್ಪತ್ರೆ ಬಾಗ್ಲಲ್ಲಿ ಹೇಳಿದ್ದು. ಇಳಿದ್ಮೇಲೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬರುವಾಗ ಮಾತ್ರ ಫ್ರೀವೇಯಲ್ಲಿ ಅದೇ ಯೋಚನೆ. ಆ ಮೆಟ್ಟಿಲನ್ನು ನಾನು ಎಲ್ಲಿಂದ ತಂದೆ? ಇದನ್ನು ಕಟ್ಟಿಕೊಂಡಿದ್ದರೆ ಇನ್ನೇನೇನು ಕಟ್ಟಿಕೊಂಡಿದ್ದೇನೆ?

ಒಬ್ಬರ ಸಾಕ್ಷಿ ಸಾಲದು. ಆಕೆ ಏನೆಂದರೆಂದು ತಿಳಿಸದೆ, ಮಂಡ್ಯದಲ್ಲಿರುವ ಅವರ ತಾಯಿಗೆ ಫೋನ್ ಮಾಡಿ, ನಾನು ಅವತ್ತು ಆ ಮಾತು ಯಾವಾಗ ಹೇಳಿದೆ ಎಂದಷ್ಟೇ ಕೇಳಿದೆ. ಅವರು ಯೋಚಿಸಲೂ ಇಲ್ಲ. "ಮೊದ್ಲೇ ಹೇಳಿದ್ರೆ ನಿನ್ ಕಾರ್ ಹತ್ತಿಸ್ತಿದ್ನೇನಪ್ಪ ನನ್ ಮಗಳ್ನ?" ಎಂದರು.

ಇಬ್ಬರ ಮಾತೂ ಒಂದೇ. ನಾನು ಹೇಳಿದ್ದು ಕಾರು ನಿಂತ ಮೇಲೆ, ಅವರಿಬ್ಬರೂ ಕೆಳಗಿಳಿದ ಮೇಲೆ.