ಖಾಲಿ ಬಂದ ಡಬ್ಬಿ

ಆ ದಿನ ಬೆಳಗ್ಗೆ ನಳ ಬೇಗ ಬಂದಿತ್ತು. ನಮ್ಮ ಆಳಂದದಲ್ಲಿ ನಳ ಬಂದಿತೆಂದರೆ ಉಳಿದ ಕೆಲಸವೆಲ್ಲ ನಿಂತಂತೆಯೇ. ಕೊಡ, ಹಂಡೆ, ಬಕೇಟು ತುಂಬಿಸಿಟ್ಟು, ದಾರಿಗೆಂದು ಜೋಳದ ರೊಟ್ಟಿ ಬಡಿದೆ. ಮಗಳು ಗೌರಿಗೆ ಮಾತ್ರೆ ನುಂಗಿಸಿ ಎರಡು ಜಡೆ ಹಾಕಿದೆ. ಕೆಂಪು ರಿಬ್ಬನ್ನಿನ ತುದಿಯ ಎಳೆ ಬಿಚ್ಚಿಕೊಂಡಿತ್ತು. ಉರಿಗೆ ಹಿಡಿದು ಕರಗಿಸಿ ಬೆರಳಿಂದ ಒತ್ತಿದೆ, ಸ್ವಲ್ಪ ಸುಟ್ಟಿತು. ಇಷ್ಟು ಚಿಕ್ಕ ಸಂಗತಿಗಳು ಇಷ್ಟು ವರ್ಷಗಳಾದರೂ ಯಾಕೆ ನೆನಪಿವೆಯೋ ತಿಳಿಯದು.

ಇಂಥದ್ದನ್ನೆಲ್ಲ ನಾನು ನಂಬುವವಳಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಸೊಲ್ಲಾಪುರದ ಕಾನ್ವೆಂಟಿನಲ್ಲಿ ಓದಿದವಳು ನಾನು. ಒಮ್ಮೆ ಹಾಸ್ಟೆಲ್ಲಿನ ಹುಡುಗಿಯರು ಬಾವಿಯ ಹತ್ತಿರ ಯಾರೋ ನಿಂತಿದ್ದಾರೆಂದು ಅತ್ತಾಗ, ಸಿಸ್ಟರು ಕಂದೀಲು ಹಿಡಿದು ನಮ್ಮನ್ನೆಲ್ಲ ಅಲ್ಲಿಗೇ ಕರೆದೊಯ್ದು, ಹಗ್ಗದ ಮೇಲೆ ಮರೆತುಹೋಗಿದ್ದ ಬಿಳಿ ಚಾದರ ತೋರಿಸಿದ್ದರು. ಅಂದಿನಿಂದ ಯಾರು ಎಂಥ ಕಥೆ ಹೇಳಿದರೂ ಮನಸ್ಸಿನಲ್ಲೇ ಆ ಚಾದರ ಹುಡುಕುವುದು ನನ್ನ ರೂಢಿ. ಈ ಒಂದು ಸಂಗತಿಯಲ್ಲಿ ಮಾತ್ರ ಹುಡುಕಿ ಹುಡುಕಿ ಸಾಕಾಗಿದೆ.

ಗೌರಿಗೆ ಫಿಟ್ಸ್ ಬರುತ್ತಿತ್ತು. ಆಡುತ್ತಿದ್ದ ಕೂಸು ಒಮ್ಮೆಲೇ ಸೆಟೆದು ಬೀಳುತ್ತಿತ್ತು. ಓಣಿಯವರು ಓಡಿ ಬಂದು ಅವಳ ಮುಷ್ಟಿಯಲ್ಲಿ ಕಬ್ಬಿಣದ ಕೀಲಿಕೈ ತುರುಕುತ್ತಿದ್ದರು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿಯುತ್ತಿದ್ದರು. ಅವಳನ್ನು ನೋಡುತ್ತಿದ್ದ ಡಾಕ್ಟರು ಗುಲ್ಬರ್ಗಾದಲ್ಲಿದ್ದರು. ದಾರಿ ದೂರ, ಸಂಜೆಯ ಬಸ್ಸು ತಪ್ಪಿದರೆ ದೇವರೇ ಗತಿ. ಕಳೆದ ಸಲ ತಡವಾಯಿತು, ಇನ್ನೊಮ್ಮೆ ಹೀಗಾದರೆ ನನ್ನ ಕೈಯಲ್ಲಿಲ್ಲ ಎಂದು ಅವರು ನೇರವಾಗಿಯೇ ಹೇಳಿದ್ದರು. ಆಗ ಗುಲ್ಬರ್ಗಾದಲ್ಲಿ ಫ್ಲ್ಯಾಟುಗಳು ಹೊಸದಾಗಿ ಏಳುತ್ತಿದ್ದವು. ಆ ದವಾಖಾನೆಯ ಹಿಂದಿನ ರಸ್ತೆಯಲ್ಲೇ ಒಂದು ಸಿಗುತ್ತದೆಂದು ತಿಳಿದು ನಮ್ಮವರು ಮಾತಾಡಿಟ್ಟಿದ್ದರು. ಆಳಂದದ ತೊಗರಿ ದಲಾಲಿಯ ಅಡತಿ ಅಂಗಡಿಗೆ ತಾವು ದಿನಾ ಬಸ್ಸಿನಲ್ಲಿ ಓಡಾಡುವುದೆಂದೂ, ನಾನೂ ಗೌರಿಯೂ ಅಲ್ಲೇ ಇರುವುದೆಂದೂ ಅವರ ಲೆಕ್ಕ. ನಾನು ಮನೆ ನೋಡಿ ಹ್ಞೂಂ ಅಂದರೆ ಅದೇ ದಿನ ಮಾತು ಮುಗಿಯುವುದಿತ್ತು.

ಬಸ್ಸಿನಲ್ಲಿ ಅವರು ಖುಷಿಯಲ್ಲಿದ್ದರು. "ಅಲ್ಲಿಗಿ ಹೋದ ಮ್ಯಾಲೂ ನಳ ಬಂತು ಅಂತ ಕೊಡ ಹಿಡಕೊಂಡು ಮಾಳಗಿ ಇಳದು ಓಡ್ತಿ ನೋಡು ನೀ" ಎಂದು ನನ್ನನ್ನು ಕಾಡಿದರು. ಗೌರಿ ನಕ್ಕಳು. ಕಡಗಂಚಿ ದಾಟುವ ಹೊತ್ತಿಗೆ ನನ್ನ ಸೆರಗು ಹಿಡಿದೇ ನಿದ್ದೆ ಹೋಗಿದ್ದಳು.

ಆ ರಸ್ತೆ ನನಗೆ ನೋಡಿದ ಕೂಡಲೇ ಹಿಡಿಸಿತು. ಎರಡೂ ಬದಿಗೆ ಬೇವಿನ ಮರಗಳು, ನಡುನಡುವೆ ಗುಲ್‌ಮೊಹರ್. ಮೃಗಶಿರದ ಮಳೆ ಇನ್ನೂ ಬಂದಿರಲಿಲ್ಲ, ಆದರೂ ನೆರಳು ತಂಪಾಗಿತ್ತು. ಮೆಟ್ಟಿಲು ಹತ್ತುವಾಗ ಒಂದು ಬಾಗಿಲಿನ ಮೇಲೆ ಲಿಂಗದ ಚಿತ್ರ, ಇನ್ನೊಂದರ ಮೇಲೆ ಕ್ರಿಸ್‌ಮಸ್ಸಿನ ಬಣ್ಣಗೆಟ್ಟ ಕಾಗದದ ನಕ್ಷತ್ರ. ಒಂದು ಮನೆಯಿಂದ ತೆಲುಗು ಮಾತು, ಇನ್ನೊಂದರಿಂದ ಮರಾಠಿ ಹಾಡು. ಕಾನ್ವೆಂಟಿನ ದಿನಗಳೇ ಮರಳಿ ಬಂದಂತಾಯಿತು. ಗೌರಿಗೆ ಮೆಟ್ಟಿಲು ಹತ್ತಿಸುವುದು ಬೇಡವೆಂದು ಅವರಿಬ್ಬರೂ ಕೆಳಗೆ ಮರದಡಿ ನಿಂತರು. ನಾನೊಬ್ಬಳೇ ಕೀಲಿ ತೆಗೆದು ಒಳಗೆ ಹೋದೆ.

ಸುಣ್ಣದ ವಾಸನೆ, ಕಿಟಕಿಯ ಗಾಜಿನ ಮೇಲೆ ಬಣ್ಣದ ಹನಿಗಳು. ಬಾಗಿಲಿಗೆ ಹೊಸ್ತಿಲಿರಲಿಲ್ಲ, ಅದೊಂದು ಕೊರತೆ ಅನಿಸಿತು. ಅಡುಗೆಮನೆಯ ಕಿಟಕಿಯಿಂದ ದವಾಖಾನೆಯ ಗೇಟು ಕಾಣುತ್ತಿತ್ತು. ಅದನ್ನು ನೋಡಿದಾಗ ಅಳು ಬಂದಿತು. ಬಾಲ್ಕನಿಗೆ ಬಂದು ಬಗ್ಗಿದೆ. ಗೌರಿ ಕೂತು ಬೇವಿನ ಹಣ್ಣು ಆರಿಸುತ್ತಿದ್ದಳು. ಹ್ಞೂಂ ಅನ್ನಬೇಕೆಂದು ಹಿಂದಿರುಗಿದೆ.

ಎದುರು ಮನೆಯ ಬಾಗಿಲಲ್ಲಿ ಬಿಳಿ ದುಪಟ್ಟಾ ಹೊದ್ದ ವಯಸ್ಸಾದ ಮುಸಲ್ಮಾನ ಹೆಂಗಸೊಬ್ಬರು ನಿಂತಿದ್ದರು. ನನ್ನನ್ನು ಕಂಡು, ಬಹಳ ದಿನದ ಪರಿಚಯದವರಂತೆ ಹತ್ತಿರ ಬಂದು ಸ್ಟೀಲಿನ ಡಬ್ಬಿಯೊಂದನ್ನು ಚಾಚಿದರು.

"ಬಾಗಿಲ ತಗದ್ರೇನ್ ಬಾಯಿ? ನಿಮ್ಮ ಡಬ್ಬಿ ನಮ್ಮ ಮನ್ಯಾಗೇ ಉಳದಿತ್ತ್ ನೋಡ್ರಿ."

ಬೇರೆ ಯಾರೋ ಎಂದುಕೊಂಡಿದ್ದಾರೆಂದು ನಗುತ್ತಲೇ ಕೈಗೆ ತೆಗೆದುಕೊಂಡೆ. ಡಬ್ಬಿಯ ಹೊಟ್ಟೆಯ ಮೇಲೆ ನನ್ನ ಸೋದರತ್ತೆಯ ಹೆಸರಿತ್ತು. ನನ್ನ ಮದುವೆಗೆ ಆಕೆ ಕೊಟ್ಟ ಡಬ್ಬಿ ಅದು. ಭಾಂಡೆ ಅಂಗಡಿಯವನು ಹೆಸರು ಕೊರೆಯುವಾಗ ಯಂತ್ರ ಜಾರಿ, ಕೊನೆಯ ಅಕ್ಷರದಿಂದ ತಳದವರೆಗೆ ಗೀರು ಬಿದ್ದಿತ್ತು. ಅದನ್ನು ನೋಡಿ ಮದುವೆ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಅದೇ ಗೀರು ಇಲ್ಲಿಯೂ ಇತ್ತು. ಉಗುರಿನಿಂದ ಮುಟ್ಟಿ ನೋಡಿದೆ. ಮುಚ್ಚಳ ತೆಗೆದೆ, ಒಳಗೆ ಏನೂ ಇರಲಿಲ್ಲ. ನಮ್ಮ ಕಡೆ ಇನ್ನೊಬ್ಬರ ಮನೆಯ ಡಬ್ಬಿಯನ್ನು ಯಾರೂ ಖಾಲಿ ಮರಳಿಸುವುದಿಲ್ಲ. ಯಾವ ಜಾತಿಯವರಿರಲಿ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿಯೇ ಕೊಡುತ್ತಾರೆ. ನಾನು ಅದನ್ನೇ ನೋಡುತ್ತಿದ್ದೇನೆಂದು ಆಕೆಗೆ ತಿಳಿಯಿತು.

"ಖಾಲಿ ಕೊಡಬಾರದು ಅಂತ ನನಗೂ ಗೊತ್ತದ ಬಾಯಿ," ಎಂದರು ಮೆಲ್ಲಗೆ. "ಖರೇ, ಮಗಳನ್ನ ಮಣ್ಣು ಮಾಡಿ ಬಂದ ಮನೀಗಿ ಸಕ್ಕರಿ ಹಾಕಿ ಹ್ಯಾಂಗ ಕೊಡ್ಲಿ? ದಿಲ್ ಒಪ್ಪಲಿಲ್ಲ."

ನಾನು ಮುಚ್ಚಳ ಮುಚ್ಚಿದೆ. ಅಷ್ಟರಲ್ಲಿ ಆಕೆಯ ಸೊಸೆ ಒಳಗಿಂದ ಬಂದಳು. ಪಾಪ, ಒಳ್ಳೆಯ ಹುಡುಗಿ. ತಾವೂ ಈ ಮನೆಗೆ ಬಂದು ಬಹಳ ದಿನವಾಗಿಲ್ಲವೆಂದೂ, ಅತ್ತೆಗೆ ಮರೆವಿನ ಕಾಯಿಲೆ ಇದೆಯೆಂದೂ, ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದೂ ಕೇಳಿಕೊಂಡಳು. ಡಬ್ಬಿ ಅವಳ ಕೈಗೆ ಕೊಡಹೋದರೆ, ಇದು ನಮ್ಮದಲ್ಲ, ನಾನು ನೋಡಿಯೇ ಇಲ್ಲ ಎಂದು ತೆಗೆದುಕೊಳ್ಳಲಿಲ್ಲ. ಮೆಟ್ಟಿಲ ಪಕ್ಕದ ಕಟಾಂಜನದ ಬುಡದಲ್ಲಿಟ್ಟು ಇಳಿದುಬಿಟ್ಟೆ.

ಗೌರಿ ಅಂಗೈ ತುಂಬ ಬೇವಿನ ಹಣ್ಣು ಹಿಡಿದು ಓಡಿ ಬಂದಳು. ಅವಳನ್ನು ಎತ್ತಿಕೊಂಡು, ಮನೆ ಬೇಡ ಅಂದೆ. ಯಾಕೆಂದು ಕೇಳಿದರು. ನಡೆದದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು.

"ಮರವಿನ ಮುದುಕಿ ಮಾತಿಗಿ ಕೂಸಿನ ದವಾಖಾನಿ ಬಿಡ್ತೀ ಏನು?" ಎಂದಷ್ಟೇ ಕೇಳಿದರು.

ಆ ಅಡುಗೆಮನೆಯಲ್ಲಿ ನಿಂತು ಇನ್ನು ಒಂದು ದಿನವೂ ಒಲೆ ಹಚ್ಚಲಾರೆನೆಂಬುದಷ್ಟೇ ನನಗೆ ಗೊತ್ತಿತ್ತು. ಅವರು ಹೋಗಿ ಕೀಲಿಯನ್ನು ಮಾಲೀಕರಿಗೆ ಮರಳಿ ಕೊಟ್ಟು ಬಂದರು. ಬಸ್ಸಿನಲ್ಲಿ ನಡುವೆ ಕೂತ ಗೌರಿ ಒಮ್ಮೆ ಅವರ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಮನೆಗೆ ಬಂದ ತಕ್ಷಣ ಅಡುಗೆಮನೆಯ ಗೋಡೆಯಲ್ಲಿನ ಗೂಡು ನೋಡಿದೆ. ನನ್ನ ಡಬ್ಬಿ ಅದರ ಜಾಗದಲ್ಲೇ ಇತ್ತು. ಅದೇ ಹೆಸರು, ಅದೇ ಗೀರು. ಒಳಗೆ ರೊಟ್ಟಿಗೆಂದು ನಾನೇ ಕುಟ್ಟಿ ತುಂಬಿದ ಶೇಂಗಾ ಹಿಂಡಿ.

ಗೌರಿ ಈಗಿಲ್ಲ. ಅವಳು ಹೋದದ್ದು ಗುಲ್ಬರ್ಗಾದ ಆ ಮನೆಯಲ್ಲಲ್ಲ, ಅದನ್ನು ನಾವು ಕೊಳ್ಳಲೇ ಇಲ್ಲ. ಆಳಂದದ ಮನೆಯಲ್ಲೂ ಅಲ್ಲ. ಮುಂದೊಂದು ಮಳೆಗಾಲದಲ್ಲಿ, ಎರಡೂರಿನ ನಡುವೆ, ಬಸ್ಸಿನಲ್ಲಿ, ನನ್ನ ತೊಡೆಯ ಮೇಲೆ. ಆ ಫ್ಲ್ಯಾಟಿನಲ್ಲಿದ್ದಿದ್ದರೆ ಉಳಿಯುತ್ತಿದ್ದಳೇ ಎಂದು ನಮ್ಮವರು ಒಂದು ದಿನವೂ ನನ್ನನ್ನು ಕೇಳಲಿಲ್ಲ. ನಾನೇ ಮೊದಮೊದಲು ಕೇಳಿಕೊಳ್ಳುತ್ತಿದ್ದೆ, ಆಮೇಲೆ ಬಿಟ್ಟೆ. ಅಲ್ಲಿದ್ದರೂ ಇಲ್ಲಿದ್ದರೂ ಒಂದೇ ಆಗುತ್ತಿತ್ತೇನೋ ಎಂದು ನನಗನಿಸುವುದು ಆ ಅಜ್ಜಿಯ ಮಾತಿನಿಂದಷ್ಟೇ ಅಲ್ಲ, ಅದೇ ದಿನ ಸಂಜೆ ಕೇಳಿದ ಇನ್ನೊಂದು ಮಾತಿನಿಂದ.

ದೀಪ ಹಚ್ಚಿ ಹೊರಗೆ ಬಂದಿದ್ದೆ. ಗೌರಿ ಒಳಗೆ ಅಪ್ಪನ ಪಕ್ಕ ಮಲಗಿದ್ದಳು. ಪಕ್ಕದ ಮನೆಯ ಶರಣಮ್ಮ ಮೊರದಲ್ಲಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ಮನೆ ಹಿಡಿಸಿತೇ ಎಂದು ಕೇಳಿದಳು. ಇಲ್ಲ ಅಂದೆ. ಹೋಗಲಿ ಬಿಡ್ರಿ, ಎಂದು ಒಂದು ಹರಳು ಆರಿಸಿ ಬೀದಿಗೆ ಎಸೆದಳು. ಮೊರದಿಂದ ತಲೆ ಎತ್ತದೆಯೇ ಮುಂದುವರಿಸಿದಳು:

"ಅಲ್ರಿ ಅಕ್ಕೋರ, ಗೌರೀನ್ನ ಬಿಟ್ಟು ಹೋಗಾದಿತ್ತಂದ್ರ ನನಗರ ಒಂದ್ ಮಾತು ಹೇಳಬಾರದಾ? ನಡು ಮಧ್ಯಾನ್ದಾಗ ಕೂಸು ಒಂದೇ ನಿಮ್ಮ ಬಾಗಿಲಿಗಿ ಕುಂತಿತ್ತು. ಬಾ ಬೇ ಉಣ್ಣಾಕ ಅಂತ ಎಷ್ಟ್ ಕರದ್ರೂ ಬರಲಿಲ್ಲ ನೋಡ್ರಿ."