‘ಐ ಮಿಸ್ ಯೂ’ಗೆ ಬರೆಯದ ಉತ್ತರ

ಮೇಡಂ ಅವರ ಬಲಗೈ ತೋರುಬೆರಳು ತುದಿಯಲ್ಲಿ ಸ್ವಲ್ಪ ಎಡಕ್ಕೆ ಬಾಗಿತ್ತು. ಆ ಬೆರಳನ್ನು ನನ್ನ ಕಂಪ್ಯೂಟರಿನ ಪರದೆಯ ಮೇಲೆ ಒಂದು ಪದಕ್ಕೆ ತಾಗಿಸಿ, ಏನೂ ಹೇಳದೆ ಕಾಯುತ್ತಿದ್ದರು. ತಪ್ಪು ನನಗೇ ಹೊಳೆಯುವವರೆಗೂ ಬೆರಳು ಕದಲುತ್ತಿರಲಿಲ್ಲ.

ಮದರಾಸಿನ ಪ್ಯಾರೀಸ್ ಕಾರ್ನರ್ ಹತ್ತಿರದ ವಿಮಾ ಕಚೇರಿಯಲ್ಲಿ ಅವರು ನನ್ನ ಮೇಲಧಿಕಾರಿ. ತೀರಿಕೊಂಡ ಗ್ರಾಹಕರ ಮನೆಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವುದು ನಮ್ಮಿಬ್ಬರ ಕೆಲಸ. ಕುಂದಾಪುರದಿಂದ ಬಂದ ನನಗೆ ತಮಿಳು ಬಾರದು. ಇಡೀ ಮಹಡಿಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡಿಗರ ಮನೆಯ, ತಮಿಳು ಬೆರೆತ ಕನ್ನಡ.

ಹೊಸತರಲ್ಲಿ ಒಂದು ಮಧ್ಯಾಹ್ನ ಕೇಳಿದರು: “ನೀನು ಇಲ್ಲಿ ಅಲೋನಾ, ಲೋನ್ಲಿಯಾ?”

“ಎರಡೂ ಒಂದೇ ಅಲ್ವಾ ಮೇಡಂ?”

“ಇಲ್ಲ ಮಾ. ಅಲೋನ್ ಅಂದ್ರೆ ರೂಮಲ್ಲಿ ಬೇರೆ ಯಾರೂ ಇಲ್ಲ, ಅಷ್ಟೇ. ಲೋನ್ಲಿ ರೂಮ್ ತುಂಬಾ ಜನ ಇದ್ರೂ ಇರುತ್ತೆ.”

“ಅಲೋನ್,” ಎಂದು ಸುಳ್ಳು ಹೇಳಿದೆ. ಮರುದಿನದಿಂದ ಅವರ ಚೀಲದಲ್ಲಿ ಎರಡು ಊಟದ ಡಬ್ಬಿ ಬರತೊಡಗಿದವು.

ಎರಡು ವರ್ಷದ ಮೇಲೆ ಅವರ ಯಜಮಾನರು ತೀರಿಕೊಂಡರು. ‘ಐ ಫೀಲ್ ಸಾರಿ ಫಾರ್ ಯೂ’ ಎಂದು ಸಂದೇಶ ಕಳಿಸಿದೆ. ಕೆಲಸಕ್ಕೆ ಮರಳಿದ ದಿನ ಮೇಡಂ ಫೋನ್ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. ನನಗೆ ಹೊಳೆಯಲಿಲ್ಲ.

“ಇದು ಅಯ್ಯೋ ಪಾಪ ಅಂದ ಹಾಗೆ. ಬರೀ ‘ಐ ಆಮ್ ಸಾರಿ’ ಸಾಕಿತ್ತು.” ನನ್ನ ಕಣ್ಣು ತುಂಬಿದ್ದು ಕಂಡು ಭುಜ ಹಿಡಿದರು. “ಅಳಬೇಡ ಮಾ. ಮಿಕ್ಕವರೆಲ್ಲ ಹೂವಿನ ಚಿತ್ರ ಕಳಿಸಿದ್ರು. ನೀನೊಬ್ಬಳೇ ಬರೆದಿದ್ದು.”

ನಿವೃತ್ತರಾದ ಮೇಲೆ ಅವರು ಅಣ್ಣಾ ನಗರದ ತಂಗಿಯ ಮನೆ ಸೇರಿದರು. ಅವರ ಜಾಗಕ್ಕೆ ಬಂದವರು ಕಿವಿಯಿಂದ ಇಯರ್‌ಫೋನ್ ತೆಗೆಯುತ್ತಿರಲಿಲ್ಲ. ನಾನು ಒಬ್ಬಳೇ ಉಣ್ಣತೊಡಗಿದೆ. ಹೋಗಿ ನೋಡಿ ಬರಬೇಕು ಅಂದುಕೊಳ್ಳುತ್ತಲೇ ಹತ್ತು ತಿಂಗಳು ಕಳೆದವು.

ಒಂದು ಸೋಮವಾರ ಅವರ ಸಂದೇಶ ಬಂತು: ‘ಐ ಮಿಸ್ ಯೂ.’ ‘ಐ ಮಿಸ್ ಯೂ ಟೂ’ ಎಂದು ಬರೆದೆ. ಹಿರಿಯರೊಡನೆ ಸಲಿಗೆ ಹೆಚ್ಚಾಯಿತೆನಿಸಿ ಅಳಿಸಿದೆ. ‘ಐ ವಾಸ್ ಥಿಂಕಿಂಗ್ ಆಫ್ ಯೂ’ ತೀರಾ ಕಚೇರಿ ಪತ್ರದಂತೆ ಕಂಡಿತು. ಮೂರು ದಿನ ಹೀಗೇ ಬರೆದೆ, ಅಳಿಸಿದೆ. ಗುರುವಾರ ಅವರ ತಂಗಿಯ ಫೋನ್ ಬಂತು. ಬೆಳಿಗ್ಗೆ ಮೇಡಂಗೆ ಹೃದಯಾಘಾತವಾಗಿತ್ತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಆ ಮನೆಯ ಹಜಾರದಲ್ಲಿ ಮೇಡಂ ಅವರನ್ನು ಮಲಗಿಸಿದ್ದರು. ತಂಗಿಯ ಎದುರು ನಿಂತು, “ನಾನು ಉತ್ತರಾನೇ ಕೊಡ್ಲಿಲ್ಲ,” ಎಂದೆ.

“ನಿನ್ನೆ ಕೂಡ ಫೋನಲ್ಲಿ ‘ಟೈಪಿಂಗ್’ ಅಂತ ಬಂದಿದ್ದು ನೋಡಿ ನಕ್ಕಳು ಅಕ್ಕ. ‘ಪಾಪ, ಸರಿಯಾದ ವಾಕ್ಯ ಹುಡುಕ್ತಾ ಇರ್ತಾಳೆ, ಟೈಮ್ ತೊಗೊಳ್ಳಲಿ’ ಅಂದ್ಲು.”

ನಾನು ಮೇಡಂ ಅವರ ಪಾದ ಮುಟ್ಟಿದೆ. “ಈ ಊರಲ್ಲಿ ನಂಗೆ ನೀವು ಬಿಟ್ರೆ ಬೇರೆ ಯಾರೂ ಇರ್ಲಿಲ್ಲ ಮೇಡಂ,” ಎಂದೆ.