ಎಡಗೈ ಕುಡುಗೋಲು

ಹಳೆಯ ಫೋಟೋ ಸಿಕ್ಕಿದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಲೆಯ ಮೇಲೆ ಹಾಲಿಟ್ಟು, ಮಾಗಡಿ ಬಸ್ಸಿನ ಹಳೆಯ ಚಿತ್ರ ನೋಡುತ್ತಾ ಕೂತು ಎರಡು ಸಲ ಪಾತ್ರೆ ಸೀಯಿಸಿದ್ದೇನೆ. ಮೂತಿ ಮುಂದಕ್ಕೆ ಚಾಚಿದ ಬಸ್ಸು, ಅದರ ನೆತ್ತಿಯ ಮೇಲೆ ಕೋಳಿಬುಟ್ಟಿ, ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತ ಕಂಡಕ್ಟರ್. ಅವನು ಆಮೇಲೆ ಉಸಿರು ಬಿಟ್ಟನೋ ಇಲ್ಲವೋ ಎಂಬ ಚಿಂತೆಯಲ್ಲಿರುವವನಿಗೆ ಹಾಲು ಉಕ್ಕಿದ್ದು ಎಲ್ಲಿಂದ ಕಾಣಬೇಕು?

ನಮ್ಮ ಸೀಮೆಯ ಹಳೆಯ ಚಿತ್ರಗಳಿಗೆಂದೇ ಒಂದು ವಾಟ್ಸಾಪ್ ಗುಂಪಿದೆ. ಅದಕ್ಕೆ ನಾನು ಪಂಡಿತ. ಯಾರೂ ನೇಮಿಸಿದ್ದಲ್ಲ, ನಾನೇ ಆದದ್ದು. ಹೋದ ವರ್ಷ ಒಬ್ಬರು ಅಕ್ಕೂರಿನ ಕಡೆಯ ರಾಗಿ ಕುಯ್ಲಿನ ಚಿತ್ರ ಹಾಕಿದರು. ಹನ್ನೊಂದು ಗಂಡಾಳುಗಳು ಸಾಲಾಗಿ ಬಗ್ಗಿದ್ದಾರೆ, ಹಿಂದೆ ಬಂಡೆಬೆಟ್ಟ, ಅದರ ಒಂದು ಮಗ್ಗುಲಿಗೆ ಅಂಟಿದಂತೆ ಒಂದು ಮರಿಬಂಡೆ. ನೋಡಿದರೆ ಹತ್ತು ಜನರ ಕುಡುಗೋಲೂ ಎಡಗೈಯಲ್ಲಿದೆ. ತಡೆಯಲಾದೀತೇ? ನಮ್ಮ ಹಿರಿಯರು ಬಲಗೈಯನ್ನು ಊಟಕ್ಕೆ ಮೀಸಲಿಟ್ಟು ಎಡಗೈಯಲ್ಲೇ ಪೈರು ಕೊಯ್ಯುತ್ತಿದ್ದರು ಎಂದು ಮೂರು ಪ್ಯಾರಾ ಬರೆದೆ. ಸಾಲಿನ ತುದಿಯ ಹನ್ನೊಂದನೆಯವನು ಬಲಗೈಯಲ್ಲಿ ಹಿಡಿದಿದ್ದ. ಅವನನ್ನು ಕಂಡೂ ಕಾಣದಂತೆ ಬಿಟ್ಟೆ. ಪಂಡಿತರಿಗೆ ಅದು ಅಭ್ಯಾಸ. ಗುಂಪಿನಲ್ಲಿ ಹೆಬ್ಬೆರಳುಗಳ ಮಳೆಯೇ ಸುರಿಯಿತು.

ಆ ಹುಮ್ಮಸ್ಸಿನಲ್ಲೇ ಸೋದರತ್ತೆಗೆ ತೋರಿಸಲು ಹೋದೆ. ಎಂಬತ್ತು ದಾಟಿದ ಅತ್ತೆ ಹುಟ್ಟಿದ್ದು ಅದೇ ಕಡೆ. ಅವಳಿಗೆ ಇರುವುದು ಒಂದೇ ಕೊರಗು. ಅವಳ ಅಪ್ಪನದು, ಎಂದರೆ ನಮ್ಮಜ್ಜನದು, ಒಂದು ಫೋಟೋ ಇಲ್ಲ. ಅವಳ ಏಳನೆಯ ವಯಸ್ಸಿಗೇ ಹೋದವನ ಮುಖ ಈಗ ಮರೆತೂ ಹೋಗಿದೆ. ಹಿರಿಯರ ಹಬ್ಬದಲ್ಲಿ ಅಜ್ಜಿಯ ಫೋಟೋ ಪಕ್ಕ, ಅಜ್ಜನ ಬದಲಿಗೆ ಮಡಿಸಿದ ಪಂಚೆಯೊಂದನ್ನಿಟ್ಟು ಎಡೆ ಹಾಕುತ್ತೇವೆ.

ಅತ್ತೆ ಕನ್ನಡಕ ಏರಿಸಿ, "ಇದ್ಯಾವೂರ್ಲಾ?" ಎಂದಳು.

"ನಿಮ್ಮೂರೇ ಕಣತ್ತೆ."

"ನಮ್ಮೂರ ಬೆಟ್ಟ ಹಿಂಗಿಲ್ಲ ಕಣಪ್ಪ. ಮರಿಬಂಡೆ ಈ ಕಡೀಕೈತೆ. ಯಾವನೋ ಬೆಟ್ಟನೇ ತಿರುಗಿಸ್ಬುಟ್ಟವ್ನೆ."

ಚನ್ನಪಟ್ಟಣದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯನಿಗೆ ಫೋಟೋ ಕಳಿಸಿ ಕೇಳಿದೆ. ಅವನು ನಕ್ಕ. "ಹಳೇ ಗಾಜಿನ ಪ್ಲೇಟು, ಉಲ್ಟಾ ಇಟ್ಟು ಪ್ರಿಂಟ್ ಹಾಕವ್ರೆ ಕಣಣ್ಣ. ಒಸಿ ಕನ್ನಡೀಲಿ ನೋಡು."

ಅತ್ತೆಯ ಮನೆಯ ಕನ್ನಡಿಗೆ ಫೋನ್ ಹಿಡಿದೆ. ಮರಿಬಂಡೆ ತನ್ನ ಜಾಗಕ್ಕೆ ಬಂದು ಕೂತಿತು. ಹತ್ತೂ ಕುಡುಗೋಲು ಬಲಗೈಗೆ ಬಂದವು. ನನ್ನ ಮೂರು ಪ್ಯಾರಾ ಅಲ್ಲೇ ಮಣ್ಣಾಯಿತು. ಆದರೆ ತುದಿಯಲ್ಲಿ, ಕತ್ತೆತ್ತಿ ನಗುತ್ತಿದ್ದ ಆ ಹನ್ನೊಂದನೆಯವನ ಕುಡುಗೋಲು ಮಾತ್ರ ಎಡಗೈಗೆ ಹೋಯಿತು.

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡಳು. "ನಮ್ಮಪ್ಪ ಎಡಚ ಕಣ್ಲಾ. ಪಕ್ಕದೋರ್ಗೆ ಕುಡ್ಲು ತಗಲ್ತದೆ ಅಂತ ಯಾವಾಗ್ಲೂ ಸಾಲಿನ ಕೊನೇಲೇ ನಿಲ್ಲಿಸೋರು. ಊರ್ಗೆಲ್ಲ ಅವ್ನೊಬ್ನೇ ಎಡಚ."

ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಮೂಗು ನಿಂದೇಯ. ಇಷ್ಟೊರ್ಸ ಮುಖದ ಮ್ಯಾಲೇ ಮಡೀಕಂಡು ನಂಗೊಂದು ಮಾತು ಹೇಳ್ನಿಲ್ವಲ್ಲ ನೀನು."

ಗುಂಪಿನಲ್ಲಿ ತಪ್ಪೊಪ್ಪಿಕೊಂಡೆ. ಪಾಂಡಿತ್ಯಕ್ಕೆ ಬಿದ್ದಷ್ಟು ಹೆಬ್ಬೆರಳು ಸತ್ಯಕ್ಕೆ ಬೀಳಲಿಲ್ಲ. ಹೋಗಲಿ, ಅಜ್ಜ ಸಿಕ್ಕಿದನಲ್ಲ.

ಈ ಸಲದ ಹಿರಿಯರ ಹಬ್ಬಕ್ಕೆ ಫೋಟೋ ಸರಿಮಾಡಿಸಿ, ಅಜ್ಜನಷ್ಟನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆ. ಮಡಿಸಿದ ಪಂಚೆಯ ಮೇಲೆ ಅಜ್ಜ ಕೂತ. ಎಡಚನಿಗೆ ಕೈಗೆಟುಕಲಿ ಎಂದು ನೀರಿನ ಲೋಟವನ್ನು ಎಲೆಯ ಎಡಕ್ಕಿಟ್ಟೆ. ಅತ್ತೆ ಅದನ್ನೆತ್ತಿ ಇನ್ನೊಂದು ಬದಿಗಿಟ್ಟಳು.

"ಅದು ನಿನ್ನ ಎಡಗಡೆ ಕಣ್ಲಾ. ಅಪ್ಪ ಎದುರ್ಗೆ ಕುಂತವ್ನೆ. ಅವನ ಕಡೆಯಿಂದ ನೋಡು."

ಎದ್ದು ಹೋಗಿ ಫೋಟೋದ ಪಕ್ಕ ಕೂತೆ. ಅಲ್ಲಿಂದ ಲೋಟ ಸರಿಯಾಗಿಯೇ ಇತ್ತು. ಎದುರಿಗೆ ಏಳು ವರ್ಷದ ಹುಡುಗಿಯೊಬ್ಬಳು, ನರೆತ ತುರುಬು ಸರಿಮಾಡಿಕೊಳ್ಳುತ್ತಾ, ಅಪ್ಪನಿಗೆ ಇನ್ನೊಂದು ವಡೆ ಬಡಿಸುತ್ತಿದ್ದಳು.